ಪಾಠ ಹೇಗೆ ನಡೆದಿದೆ ಎಂದು ನೋಡುವವರು ಯಾರು?

2019ರ ಏಪ್ರಿಲ್ 30ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಹಾಸನ ಜಿಲ್ಲೆ ಇಡೀ ರಾಜ್ಯಕ್ಕೇ ಮೊದಲು. ಶೇ 89.33. ರಾಜ್ಯದ ಒಟ್ಟು ಫಲಿತಾಂಶ ಶೇ 73.70 ಇತ್ತು. ಹೆಚ್ಚಾಗಿ ಕರಾವಳಿಯವರ ಪಾಲಾಗುತ್ತಿದ್ದ ಪಟ್ಟದ ಮೇಲೆ ತೆಂಗು, ಆಲೂಗಡ್ಡೆ, ಕಾಫಿ ಬೆಳೆಯುವ ಜಿಲ್ಲೆ ಬಂದು ಕೂತಿತು. ಅದರ ಬೆನ್ನಿಗೇ ಶ್ರೇಯ ಯಾರದು ಎಂಬ ಜಗಳವೂ ಶುರುವಾಯಿತು. ಕೆಲವೇ ತಿಂಗಳ ಹಿಂದೆ ವರ್ಗವಾಗಿ ಹೋಗಿದ್ದ ಜಿಲ್ಲಾಧಿಕಾರಿಯದು ಎಂದರು ಒಬ್ಬರು, ಜಿಲ್ಲಾ ಪಂಚಾಯಿತಿಯದು ಎಂದರು ಇನ್ನೊಬ್ಬರು. ಬಾಣಾವರದಂಥ ಹೋಬಳಿ ಊರಿನ ಹೈಸ್ಕೂಲಿನಲ್ಲಿ ಬೆಳಗಿನ ಬಸ್ಸು ಹಿಡಿದು ಬಂದು ವಿಶೇಷ ತರಗತಿ ತೆಗೆದುಕೊಂಡ ಗಣಿತದ ಮೇಷ್ಟ್ರು ಆ ಜಗಳದಲ್ಲಿ ಎಲ್ಲೋ ಹಿಂದಿನ ಸಾಲಿನಲ್ಲಿ ಉಳಿದರು.

ಹಾಗೆಂದು ಆ ಶೇಕಡಾವಾರು ಅವರ ಪಾಠದ ಬಗ್ಗೆ ಏನಾದರೂ ಹೇಳುತ್ತಿತ್ತೇ? ಸ್ವಲ್ಪ ಹೇಳುತ್ತಿತ್ತು, ಬಹಳ ಹೇಳುತ್ತಿರಲಿಲ್ಲ.

ಹೈಸ್ಕೂಲು ಮೇಷ್ಟ್ರುಗಳ ಬಾಯಲ್ಲಿ ಡಿಸೆಂಬರ್ ಆಚೆಗೆ ದಿನಾ ಓಡಾಡುವ ಮಾತೊಂದಿದೆ: ಪಾಸಿಂಗ್ ಪ್ಯಾಕೇಜ್. ಬಂದೇ ಬರುವ ಪ್ರಶ್ನೆಗಳನ್ನು ಆರಿಸಿ, ಓದಿನಲ್ಲಿ ಹಿಂದಿರುವ ಮಕ್ಕಳಿಗೆ ಅವನ್ನಷ್ಟೇ ತಿಕ್ಕಿ ತಿಕ್ಕಿ ಕಲಿಸುವುದು. ಗಣಿತದಲ್ಲಿ ಥೇಲ್ಸ್ ಪ್ರಮೇಯ ಮತ್ತು ಒಂದು ನಕ್ಷೆ, ವಿಜ್ಞಾನದಲ್ಲಿ ಕಣ್ಣಿನ ಚಿತ್ರ, ಸಮಾಜದಲ್ಲಿ ಭಾರತದ ಭೂಪಟ, ಕನ್ನಡದಲ್ಲಿ ಕಂಠಪಾಠದ ಪದ್ಯ, ಗಾದೆ ವಿಸ್ತರಣೆ, ಪತ್ರ. ಇದರ ಜೊತೆಗೆ ಸರಣಿ ಪರೀಕ್ಷೆ, ಮಕ್ಕಳನ್ನು ಮೇಷ್ಟ್ರುಗಳಿಗೆ ‘ದತ್ತು’ ಕೊಡುವುದು, ಬೆಳಗಿನ ಜಾವ ಮನೆಗೆ ಫೋನು ಮಾಡಿ ಎಬ್ಬಿಸುವುದು. ಇದನ್ನು ಹೀಯಾಳಿಸುವುದು ಸುಲಭ. ಫೇಲಾದರೆ ಮನೆಯಲ್ಲೇ ಕೂರಬೇಕಾದ ಹುಡುಗಿ ಪಾಸಾಗಿ ಅರಸೀಕೆರೆಯ ಪಿಯು ಕಾಲೇಜಿನ ಬಸ್ಸು ಹತ್ತುತ್ತಾಳೆ ಎಂದರೆ ಅದು ಸಣ್ಣ ಕೆಲಸವಲ್ಲ. ಆದರೆ ಭಿನ್ನರಾಶಿಯೇ ಗೊತ್ತಿಲ್ಲದ ಹುಡುಗನಿಗೆ ಪ್ರಮೇಯ ಬಾಯಿಪಾಠ ಮಾಡಿಸಿದ್ದನ್ನು ಬೋಧನೆಯ ಗುಣಮಟ್ಟ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅಳತೆಗೋಲು ಎಷ್ಟು ಅಲ್ಲಾಡುತ್ತದೆ ಎಂಬುದೂ ಈಗ ಬಯಲಾಗಿದೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಕೃಪಾಂಕ ಧಾರಾಳವಾಗಿ ಕೊಟ್ಟ ಮೇಲೂ ಅದು ಶೇ 73.40ಕ್ಕೆ ಬಂತು, ಕೃಪಾಂಕವಿಲ್ಲದ 2025ರ ಮೊದಲ ಪರೀಕ್ಷೆಯಲ್ಲಿ ಶೇ 62ರ ಆಸುಪಾಸಿಗೆ ಇಳಿಯಿತು. ಎರಡು ವರ್ಷದಲ್ಲಿ ರಾಜ್ಯದ ಮೇಷ್ಟ್ರುಗಳೆಲ್ಲ ಪಾಠ ಮಾಡುವುದನ್ನು ಮರೆತರೇ? ಇಲ್ಲ. ಬದಲಾದದ್ದು ಪರೀಕ್ಷಾ ಕೊಠಡಿ, ತರಗತಿಯ ಕೋಣೆಯಲ್ಲ.

ಹಾಗಾದರೆ ತರಗತಿಯ ಕೋಣೆಯೊಳಗೆ ಏನಾಗುತ್ತಿದೆ ಎಂದು ನೋಡುವುದು ಹೇಗೆ, ನೋಡುವವರು ಯಾರು?

ಬಾಣಾವರ ಬಿ.ಎಚ್. ರಸ್ತೆಯ ಮೇಲಿರುವ ಊರು. ಅರಸೀಕೆರೆ–ಬೀರೂರು ನಡುವಿನ ರೈಲು ನಿಲ್ದಾಣ. ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿತ್ತು, ಈಗ ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ. ಸುತ್ತ ತೆಂಗಿನ ತೋಟ, ರಾಗಿ ಹೊಲ, ಮಳೆ ನಂಬಿದ ಕೆರೆಗಳು. ಇಂಥ ಕಡೆ ಬೆಳಿಗ್ಗೆ ಎಂಟು ಗಂಟೆಗೆ ರಸ್ತೆ ಬದಿ ನಿಂತರೆ ಶಿಕ್ಷಣದ ಅರ್ಧ ಕಥೆ ಕಣ್ಣೆದುರೇ ಹಾದುಹೋಗುತ್ತದೆ. ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡ ಖಾಸಗಿ ಶಾಲೆಯ ವ್ಯಾನು ಹಳ್ಳಿಯಿಂದ ಪೇಟೆಗೆ ಬರುತ್ತದೆ. ಎದುರಿನಿಂದ ಸರ್ಕಾರಿ ಶಾಲೆಯ ಮೇಷ್ಟ್ರು, ಮಿಸ್ಸುಗಳು ಪೇಟೆಯಿಂದ ಹಳ್ಳಿಗೆ ಸ್ಕೂಟರಿನಲ್ಲಿ ಹೊರಟಿರುತ್ತಾರೆ. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಉಳಿದಿರುವುದು ವ್ಯಾನಿನ ಫೀಸು ಕೊಡಲಾಗದ ಮನೆಯ ಮಕ್ಕಳು. ಎರಡು ಶಾಲೆಗಳನ್ನು ಹೋಲಿಸಿ ‘ಅಲ್ಲಿ ಚೆನ್ನಾಗಿ ಹೇಳಿಕೊಡ್ತಾರೆ’ ಎನ್ನುವಾಗ ಈ ಸೋಸುವಿಕೆಯನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆ ಉಳಿದ ಶಾಲೆಯ ಬಲ ಎಲ್ಲಿದೆ ಎಂದು ಕೇಳಿದರೆ ನಾನು ಮೊದಲು ನಲಿ-ಕಲಿ ಕೋಣೆಯನ್ನು ತೋರಿಸುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ರಿಷಿ ವ್ಯಾಲಿಯ ಪದ್ಧತಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಕಟ್ಟಿದ ಕ್ರಮ ಅದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಬೆರೆತು ನೆಲದ ಮೇಲೆ ಕೂರುತ್ತಾರೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದಕ್ಕೆ ಮಕ್ಕಳೇ ಮಾಡಿದ ಚಿತ್ರ ನೇತುಹಾಕಿರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆಟುಕುವ ಎತ್ತರಕ್ಕೆ ಕರಿಹಲಗೆ. ಮೆಟ್ಟಿಲು ಮೆಟ್ಟಿಲಾಗಿ ಕಾರ್ಡು. ಒಂದು ಮುಗಿದರೆ ಇನ್ನೊಂದು. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರು ಒಂದು ತಟ್ಟೆಯ ಸುತ್ತ ಗುಂಪಾಗಿ, ಜೊತೆಗಾರರ ಸಹಾಯದಿಂದ ಕಲಿಯುವವರು ಇನ್ನೊಂದರ ಸುತ್ತ, ತಾವೇ ಕಲಿಯಬಲ್ಲವರು ಬೇರೆ. ಪ್ರತಿ ಮಗು ಎಷ್ಟನೇ ಮೆಟ್ಟಿಲಲ್ಲಿದೆ ಎಂಬುದು ಪ್ರಗತಿ ನೋಟದಲ್ಲಿ ಗೋಡೆಯ ಮೇಲೇ ಇರುತ್ತದೆ. ಮೌಲ್ಯಮಾಪನ ಎಂದು ಬೇರೆ ದಿನ, ಬೇರೆ ಘಂಟೆ ಇಲ್ಲ. ಕಾರ್ಡು ಮುಗಿಸುವುದರಲ್ಲೇ ಅದು ಸೇರಿಹೋಗಿದೆ. ದುಡ್ಡು ಸುರಿದು ಹೊರದೇಶದಿಂದ ತರುವ ಎಷ್ಟೋ ಯೋಜನೆಗಳಿಗಿಂತ ಇದು ಮೇಲು ಎಂದು ನನ್ನ ಅಭಿಪ್ರಾಯ.

ಇದು ಕೆಡುವುದು ಎರಡು ಕಡೆ. ಇಡೀ ಶಾಲೆಗೆ ಒಬ್ಬರೋ ಇಬ್ಬರೋ ಶಿಕ್ಷಕರಿದ್ದು ಒಬ್ಬರು ತರಬೇತಿಗೋ ಮೀಟಿಂಗಿಗೋ ಹೋದರೆ ತಟ್ಟೆಗಳೆಲ್ಲ ಒಂದಾಗಿ, ಮಕ್ಕಳು ಕಾಪಿ ಬರೆಯುತ್ತ ಕೂರುತ್ತಾರೆ. ಎರಡನೆಯದು ನಾಲ್ಕನೇ ತರಗತಿ. ಮೂರು ವರ್ಷ ತನ್ನ ಮೆಟ್ಟಿಲಲ್ಲಿ ತಾನು ಹತ್ತುತ್ತಿದ್ದ ಮಗುವನ್ನು ಒಂದು ಜೂನ್ ತಿಂಗಳಲ್ಲಿ ಬೆಂಚಿನ ಮೇಲೆ ಕೂರಿಸಿ ಎಲ್ಲರಿಗೂ ಒಂದೇ ಪುಟ ತೆರೆಯಿರಿ ಎನ್ನುತ್ತೇವೆ. ಹತ್ತದೆ ಉಳಿದ ಮೆಟ್ಟಿಲುಗಳ ಲೆಕ್ಕ ಅಲ್ಲಿಗೆ ಮುಗಿಯಿತು.

ಗ್ರಾಮೀಣ ಮಕ್ಕಳ ಮನೆಗೇ ಹೋಗಿ ಓದಿಸಿ ನೋಡುವ ಅಸರ್ ಸಮೀಕ್ಷೆ ಹೇಳುವುದೂ ಇದನ್ನೇ. ಅದರ ವಿಧಾನ ಸರಳ. ಒಂದು ಹಾಳೆಯಲ್ಲಿ ಅಕ್ಷರ, ಪದ, ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಕರ್ನಾಟಕದ ಮೂರನೇ ತರಗತಿಯ ಮಕ್ಕಳಲ್ಲಿ ಆ ಕಥೆ ಓದಬಲ್ಲವರು 2018ರಲ್ಲಿ ಐವರಲ್ಲಿ ಒಬ್ಬರಷ್ಟಿದ್ದರು. ಕೊರೊನಾ ಕಳೆದ ಮೇಲೆ 2022ರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. 2020ರಲ್ಲಿ ವಿದ್ಯಾಗಮದ ಹೆಸರಿನಲ್ಲಿ ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಮಾಡಿದ ಶಿಕ್ಷಕರ ಶ್ರಮವನ್ನು ಈ ಅಂಕಿ ಸುಳ್ಳು ಮಾಡುವುದಿಲ್ಲ. ಆ ಶ್ರಮ ಸಾಲದಷ್ಟು ನಷ್ಟ ದೊಡ್ಡದಿತ್ತು ಎನ್ನುತ್ತದೆ.

ಈಗ ಒಂದು ಲೆಕ್ಕ. ಐದನೇ ತರಗತಿಯ ಹುಡುಗ 52ರಲ್ಲಿ 27 ಕಳೆದು 35 ಎಂದು ಬರೆದಿದ್ದಾನೆ ಎಂದಿಟ್ಟುಕೊಳ್ಳಿ. ಮೇಷ್ಟ್ರ ಕೆಂಪು ಪೆನ್ನು ಅಡ್ಡಗೀಟು ಹಾಕುತ್ತದೆ, ಪುಟದ ಕೊನೆಗೆ ‘ನೋಡಿದೆ’ ಎಂದು ಬರೆದು ಸಹಿ. ಆ ಹುಡುಗ ಬೇಕಾಬಿಟ್ಟಿ ಬರೆದಿಲ್ಲ. ‘ದೊಡ್ಡದರಲ್ಲಿ ಚಿಕ್ಕದು ಕಳೀಬೇಕು’ ಎಂಬ ಮಾತನ್ನು ಅಕ್ಷರಶಃ ಪಾಲಿಸಿದ್ದಾನೆ: ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು. ಅವನನ್ನೇ ಕರೆದು, ‘ಐವತ್ತೆರಡು ಕಾಯಿ ಇದಾವೆ, ಇಪ್ಪತ್ತೇಳು ಸುಲಿದಾಯ್ತು, ಇನ್ನೆಷ್ಟು ಸುಲೀಬೇಕಪ್ಪಾ?’ ಎಂದು ಕೇಳಿ. ಬೆರಳು ಮಡಚಿ, ‘ಇಪ್ಪತ್ತೈದು ಸಾ’ ಎನ್ನುವ ಸಾಧ್ಯತೆಯೇ ಹೆಚ್ಚು.

ಇದು ನನ್ನ ಊಹೆಯಷ್ಟೇ ಅಲ್ಲ. ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಲೆಕ್ಕವನ್ನು ಟೆರೆಜಿನ್ಹಾ ನ್ಯೂನೆಸ್, ಡೇವಿಡ್ ಕರಾಹರ್, ಅನಲೂಸಿಯಾ ಶ್ಲೀಮನ್ ಎಂಬ ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಸೋಜಿಗವೆಂದರೆ ಅಲ್ಲಿಯೂ ತೆಂಗಿನಕಾಯಿ! ಒಂದಕ್ಕೆ 35ರಂತೆ ನಾಲ್ಕು ಕಾಯಿಗೆ ಎಷ್ಟು ಎಂದಾಗ ಹನ್ನೆರಡರ ಹುಡುಗ ಮೂರಕ್ಕೆ 105, ಇನ್ನೊಂದಕ್ಕೆ 35 ಸೇರಿಸಿ ಸರಿಯಾಗಿ 140 ಎಂದ. ಅದೇ ಹುಡುಗನಿಗೆ ಕಾಗದದ ಮೇಲೆ 35ನ್ನು 4ರಿಂದ ಗುಣಿಸು ಎಂದು ಕೊಟ್ಟರೆ, ದಶಕವನ್ನು ತಪ್ಪು ಜಾಗದಲ್ಲಿ ಕೂಡಿಸಿ 200 ಎಂದು ಬರೆದ. ಬೀದಿಯಲ್ಲಿ ಆ ಮಕ್ಕಳ ಉತ್ತರ ಶೇ 98ರಷ್ಟು ಸರಿ, ಬರೀ ಅಂಕಿಯ ಲೆಕ್ಕದಲ್ಲಿ ಶೇ 37ರಷ್ಟು. ಪರೀಕ್ಷಿಸಿದ್ದು ಐದೇ ಮಕ್ಕಳನ್ನು, ನಿಜ. ಆದರೂ ಕೊಬ್ಬರಿ ರೇಟು ಮನೆಮಾತಾಗಿರುವ ಅರಸೀಕೆರೆ ಸೀಮೆಯ ಮೇಷ್ಟ್ರಿಗೆ ಇದಕ್ಕಿಂತ ಹತ್ತಿರದ ಪಾಠ ಬೇರೆ ಬೇಕಿಲ್ಲ. ಚೀಲದ ತೂಕ, ಕ್ವಿಂಟಾಲಿನ ದರ, ದಲ್ಲಾಳಿಯ ಕಮಿಷನ್ನು ಊಟದ ಹೊತ್ತಿನಲ್ಲಿ ಕೇಳಿಸಿಕೊಂಡು ಬೆಳೆದ ಮಗುವಿಗೆ ಶೇಕಡಾ ಲೆಕ್ಕವನ್ನು ಬ್ಯಾಂಕಿನ ಬಡ್ಡಿಯಿಂದಲೇ ಶುರು ಮಾಡಬೇಕೇ?

ಜ್ಯಾಮಿತಿಗೂ ಹಾಗೆಯೇ. ಅರಸೀಕೆರೆಯ ಈಶ್ವರ ದೇವಾಲಯದ ತೆರೆದ ಮಂಟಪದ ತಳವಿನ್ಯಾಸ ಹದಿನಾರು ಮೂಲೆಯ ನಕ್ಷತ್ರ. ಒಂದೇ ಕೇಂದ್ರದ ಸುತ್ತ ಚೌಕವನ್ನು ಇಷ್ಟಿಷ್ಟೇ ತಿರುಗಿಸುತ್ತ ಹೋದರೆ ಆ ಆಕಾರ ಬರುತ್ತದೆ. ಸುತ್ತಿನ 360ನ್ನು ಹದಿನಾರರಿಂದ ಭಾಗಿಸಿದರೆ ಒಂದೊಂದು ಮೂಲೆಗೆ 22.5 ಡಿಗ್ರಿ. ಬಾಣಾವರದಿಂದ ಜಾವಗಲ್ಲಿನ ಮೇಲೆ ಹೋದರೆ ಹಳೇಬೀಡು ಮೂವತ್ತು ಕಿಲೋಮೀಟರ್ ಆಸುಪಾಸು. 2023ರಿಂದ ಅದು ಯುನೆಸ್ಕೊ ಪಟ್ಟಿಯಲ್ಲಿದೆ. ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸುತ್ತೇವೆ. ಒಂದು ಗಂಟು ದಾರ, ಒಂದು ಟೇಪು ಕೈಗೆ ಕೊಟ್ಟು ಜಗತಿಯನ್ನು ಅಳೆದು ಬನ್ನಿ ಎಂದು ಬಿಟ್ಟರೆ ಯಾರು ತೊಡಗಿಕೊಂಡಿದ್ದಾರೆ, ಯಾರು ಸುಮ್ಮನೆ ನೋಡುತ್ತಿದ್ದಾರೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ತರಗತಿಯಲ್ಲಿ ಅದು ತಿಳಿಯುವುದು ಕಷ್ಟ. ‘ಅರ್ಥ ಆಯ್ತಾ?’ ಎಂದರೆ ನಲವತ್ತು ಬಾಯಿ ಒಟ್ಟಿಗೆ ‘ಆಯ್ತು ಸಾ’ ಎನ್ನುತ್ತವೆ. ಆ ರಾಗದಲ್ಲಿ ಅರ್ಥವಾಗದವರ ದನಿಯೇ ಒಂದು ಪಟ್ಟು ಜೋರು.

ಮತ್ತೆ ಆ ಕೆಂಪು ಶಾಯಿಯ ವಿಷಯ. 1988ರಲ್ಲಿ ರೂತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲಿನ ಶಾಲಾ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಬರೀ ಅಂಕ, ಒಂದಕ್ಕೆ ಬರೀ ಟಿಪ್ಪಣಿ, ಇನ್ನೊಂದಕ್ಕೆ ಅಂಕವೂ ಟಿಪ್ಪಣಿಯೂ. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಟಿಪ್ಪಣಿ ಪಡೆದವರು. ಅಂಕದ ಜೊತೆ ಟಿಪ್ಪಣಿ ಕೊಟ್ಟರೆ ಮಕ್ಕಳು ಅಂಕ ನೋಡಿ ಪುಸ್ತಕ ಮುಚ್ಚುತ್ತಾರೆ, ಟಿಪ್ಪಣಿ ದಂಡ. ನಮ್ಮ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಮೂಲ ಆಶಯವೂ ಇದೇ ಆಗಿತ್ತು. ಅದು ಶಾಲೆಗಿಳಿದದ್ದು ನಾಲ್ಕು ರೂಪಣಾತ್ಮಕ (ಎಫ್‌ಎ), ಎರಡು ಸಂಕಲನಾತ್ಮಕ (ಎಸ್‌ಎ) ಪರೀಕ್ಷೆ, ಎ ಪ್ಲಸ್ಸಿನಿಂದ ಸಿ ವರೆಗಿನ ಶ್ರೇಣಿ ಮತ್ತು ತುಂಬಬೇಕಾದ ಹಾಳೆಗಳ ರೂಪದಲ್ಲಿ. 2025-26ರಲ್ಲಿ ಪ್ರತಿ ಪಾಠದ ಕೊನೆಗೂ ಮೌಲ್ಯಾಂಕನ ಎಂದು ಹೊಸ ಕ್ರಮ ಬಂದಾಗ ಶಿಕ್ಷಕರು ಸಿಟ್ಟಾದದ್ದು ಮಗುವನ್ನು ಅಳೆಯುವುದಕ್ಕಲ್ಲ, ಅಳೆದದ್ದನ್ನೆಲ್ಲ ದಾಖಲಿಸಿ ಮೇಲಕ್ಕೆ ಕಳಿಸಬೇಕಲ್ಲ ಎಂಬುದಕ್ಕೆ. ಅದೇ ವರ್ಷ ಜಾತಿ ಸಮೀಕ್ಷೆಗೆ ಶಿಕ್ಷಕರನ್ನು ಮನೆಮನೆಗೆ ಕಳಿಸಿ, ಸಾಲದೆ ದಸರಾ ರಜೆಯನ್ನು ಅಕ್ಟೋಬರ್ 18ರ ವರೆಗೆ ಎಳೆದದ್ದನ್ನೂ ನೆನೆದರೆ ಅವರ ಸಿಟ್ಟು ಅರ್ಥವಾಗುತ್ತದೆ.

ಮೇಲಿನವರು ಬಂದು ನೋಡುವ ಪದ್ಧತಿ ಹಳೆಯದು. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಶಾಲೆಗೆ ಸುಣ್ಣ, ಬಾಗಿಲಿಗೆ ಮಾವಿನ ತೋರಣ, ಜಾಣ ಹುಡುಗರು ಮುಂದಿನ ಸಾಲಿಗೆ. ನಮ್ಮ ಹಿರಿಯರಿಗೆ ಇದು ನೆನಪಿದೆ. ಇದರ ಅತಿರೇಕವನ್ನು ಇಂಗ್ಲೆಂಡು 1862ರಲ್ಲಿ ಕಂಡಿತ್ತು. ಇನ್‌ಸ್ಪೆಕ್ಟರು ಪ್ರತಿ ಮಗುವಿನ ಓದು, ಬರಹ, ಲೆಕ್ಕ ಪರೀಕ್ಷಿಸಿ, ಪಾಸಾದ ತಲೆ ಎಣಿಸಿ ಶಾಲೆಗೆ ಅನುದಾನ ಕೊಡುವ ನಿಯಮ. ಮಕ್ಕಳು ವಾಚಕವನ್ನೇ ಬಾಯಿಪಾಠ ಮಾಡಿ ಒಪ್ಪಿಸತೊಡಗಿದರು. 1851ರಿಂದ 1886ರ ವರೆಗೆ ಶಾಲಾ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಆ ನಿಯಮದ ವಿರುದ್ಧ ತನ್ನ ಇಲಾಖೆಗೇ ಬರೆದ. ಇಂಡಿಯಾದ ಹಲವು ಪ್ರಾಂತ್ಯಗಳಿಗೂ ಆ ಪದ್ಧತಿ ಬಂದು, ಬಹುಕಾಲ ಇದ್ದು ಹೋಯಿತು. ಪಾಸಿಂಗ್ ಪ್ಯಾಕೇಜಿಗೆ ಅದು ಮುತ್ತಜ್ಜ.

ನಮ್ಮಲ್ಲಿ ಬೇರೆ ದಾರಿ ಹುಡುಕಿದ್ದೂ ಉಂಟು. 2002ರಿಂದ 2005ರ ವರೆಗೆ ಈಶಾನ್ಯ ಕರ್ನಾಟಕದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರದ ಜೊತೆ ನಡೆಸಿದ ಕಲಿಕಾ ಖಾತ್ರಿ ಕಾರ್ಯಕ್ರಮಕ್ಕೆ ಶಾಲೆಗಳು ತಾವಾಗಿಯೇ ಮುಂದೆ ಬಂದು ನಮ್ಮನ್ನು ಅಳೆಯಿರಿ ಎನ್ನಬೇಕಿತ್ತು. ಆ ಅನುಭವದಿಂದಲೇ ರಾಜ್ಯದ್ದೇ ಆದ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆ ಹುಟ್ಟಿತು. 2015ರಲ್ಲಿ ಕೇಂದ್ರದಿಂದ ‘ಶಾಲಾ ಸಿದ್ಧಿ’ ಬಂತು: ಏಳು ಕ್ಷೇತ್ರ, 46 ಮಾನದಂಡ, ಪ್ರತಿಯೊಂದರಲ್ಲೂ ನಾವು ಒಂದನೇ ಹಂತವೋ ಎರಡೋ ಮೂರೋ ಎಂದು ಶಾಲೆಯೇ ಗುರುತಿಸಿಕೊಂಡು, ಎಲ್ಲಿ ಬಲವಿದೆ, ಎಲ್ಲಿ ಸುಧಾರಿಸಬೇಕು ಎಂದು ಯೋಜನೆ ಬರೆಯಬೇಕು. ಕಾಗದದ ಮೇಲೆ ಇದರಷ್ಟು ಚೆಂದದ್ದು ಇಲ್ಲ. ಆದರೆ ಬೋಧನೆಯಲ್ಲಿ ನಾವು ಒಂದನೇ ಹಂತ ಎಂದು ಪ್ರಾಮಾಣಿಕವಾಗಿ ಬರೆದ ಮುಖ್ಯೋಪಾಧ್ಯಾಯರಿಗೆ ಸಿಗುವುದೇನು? ನೆರವು ಸಿಗುತ್ತದೆಂಬ ನಂಬಿಕೆಯಿದ್ದರೆ ಬರೆಯುತ್ತಾರೆ. ನೋಟಿಸು ಬರುತ್ತದೆಂಬ ಅನುಮಾನವಿದ್ದರೆ ಎರಡೂವರೆಯನ್ನು ಮೂರು ಮಾಡುತ್ತಾರೆ. ತಮ್ಮ ಕೊರತೆ ಹೇಳಿಕೊಂಡವರ ಮೇಲೆ ಆ ವರ್ಷ ಶಿಸ್ತು ಕ್ರಮವಿಲ್ಲ ಎಂಬ ಒಂದು ಸಾಲು ಆ ನಮೂನೆಯ ಮೊದಲ ಪುಟದಲ್ಲಿ ಇರಬೇಕಿತ್ತು.

ನನಗೆ ಹೆಚ್ಚು ಭರವಸೆ ಇರುವುದು ಈಗಾಗಲೇ ಇರುವ, ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಒಂದು ವ್ಯವಸ್ಥೆಯ ಮೇಲೆ. ಅಕ್ಕಪಕ್ಕದ ಹಳ್ಳಿಗಳ ಶಾಲೆಗಳು ಸೇರಿ ಒಂದು ಕ್ಲಸ್ಟರು; ಅದಕ್ಕೊಬ್ಬ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ; ಆ ಮೇಷ್ಟ್ರುಗಳೆಲ್ಲ ಸೇರುವ ಸಮಾಲೋಚನಾ ಸಭೆ. ಹೆಸರಿಗೆ ಪಾಠದ ಸಮಾಲೋಚನೆ. ನಡೆಯುವುದು ಹೆಚ್ಚಾಗಿ ಸುತ್ತೋಲೆ ಓದುವುದು, ವಿದ್ಯಾರ್ಥಿಗಳ ದಾಖಲೆಯ ಜಾಲವಾದ ಎಸ್‌ಎಟಿಎಸ್‌ನಲ್ಲಿ ಯಾವ ಶಾಲೆಯ ಮಾಹಿತಿ ಬಾಕಿ ಎಂದು ಕೂಗುವುದು, ಮೊಟ್ಟೆಯ ಲೆಕ್ಕ, ಶೂ ಸಾಕ್ಸಿನ ಲೆಕ್ಕ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಇಂಥದ್ದೇ ಕೂಟ ನೂರು ವರ್ಷದ ಮೇಲಿಂದ ನಡೆದುಬಂದಿದೆ. ನಾಲ್ಕಾರು ಶಿಕ್ಷಕರು ಕೂತು ಒಂದೇ ಒಂದು ಪಾಠವನ್ನು ಕೂಡಿ ಯೋಜಿಸುತ್ತಾರೆ. ಒಬ್ಬರು ಅದನ್ನು ನಿಜವಾದ ಮಕ್ಕಳ ಮುಂದೆ ಮಾಡುತ್ತಾರೆ. ಉಳಿದವರು ಗೋಡೆ ಬದಿ ನಿಂತು ನೋಡುವುದು ಮೇಷ್ಟ್ರನ್ನಲ್ಲ, ಮಕ್ಕಳನ್ನು: ಯಾರು ಎಲ್ಲಿ ತಡವರಿಸಿದರು, ಯಾವ ಪ್ರಶ್ನೆಗೆ ಕಣ್ಣರಳಿತು, ಕೊನೇ ಬೆಂಚಿನ ಹುಡುಗಿ ಪುಸ್ತಕದಲ್ಲಿ ಬರೆದು ಅಳಿಸಿದ್ದೇನು. ಆಮೇಲೆ ಚರ್ಚೆ. ಪಾಠ ಎಲ್ಲರದೂ ಆದ್ದರಿಂದ ಸೋಲೂ ಎಲ್ಲರದು.

ಇದಕ್ಕೆ ಬಜೆಟ್ಟು ಬೇಡ. 52ರಲ್ಲಿ 27 ಕಳೆಯುವುದನ್ನು ಬಾಣಾವರ ಸುತ್ತಿನ ಆರು ಮೇಷ್ಟ್ರು, ಮಿಸ್ಸುಗಳು ಒಂದು ಮಧ್ಯಾಹ್ನ ಕೂಡಿ ನೋಡಿದರೆ, ಆ ಹುಡುಗನಂತೆ ಇನ್ನೆಷ್ಟು ಮಂದಿ ಇದ್ದಾರೆಂಬುದು ಆರೂ ಶಾಲೆಗೆ ಗೊತ್ತಾಗುತ್ತದೆ. ಒಳ್ಳೆಯ ಸಿಆರ್‌ಪಿಗಳು ಕೆಲವು ಕಡೆ ಇಂಥದ್ದನ್ನು ತಮ್ಮಷ್ಟಕ್ಕೆ ಮಾಡುತ್ತಲೂ ಇದ್ದಾರೆ. ಅವರಿಗೆ ಬೇಕಾದದ್ದು ಸುತ್ತೋಲೆ ಓದುವ ಕೆಲಸವನ್ನು ವಾಟ್ಸ್‌ಆ್ಯಪಿಗೆ ಬಿಟ್ಟು ಸಭೆಯನ್ನು ಪಾಠಕ್ಕೆ ಕೊಡುವ ಅನುಮತಿ.

ಮಕ್ಕಳನ್ನು ಕೇಳುವುದಂತೂ ನಮಗೆ ಹೊಳೆಯುವುದೇ ಇಲ್ಲ. ಅಮೆರಿಕದಲ್ಲಿ ಗೇಟ್ಸ್ ಫೌಂಡೇಶನ್ 2009ರಿಂದ ಮೂರು ಸಾವಿರದಷ್ಟು ಶಿಕ್ಷಕರ ತರಗತಿಗಳನ್ನು ಬಗೆಬಗೆಯಾಗಿ ಅಳೆದು ನೋಡಿತು. ಒಬ್ಬ ಅಧಿಕಾರಿ ಒಮ್ಮೆ ಬಂದು ಕೂತು ಕೊಡುವ ತೀರ್ಪು ನೆಚ್ಚುವಂಥದ್ದಲ್ಲ ಎಂದು ಅದರಲ್ಲಿ ಕಂಡುಬಂತು. ತಪ್ಪು ತಿದ್ದಿಕೊಳ್ಳುವುದನ್ನು ಇಲ್ಲಿ ಕಲಿಸುತ್ತಾರಾ, ಕಷ್ಟದ್ದನ್ನು ಬಿಡಿಸಿ ಹೇಳುತ್ತಾರಾ ಎಂದು ಮಕ್ಕಳನ್ನೇ ಕೇಳಿದರೆ ಬರುವ ಉತ್ತರ ಅದಕ್ಕಿಂತ ಸ್ಥಿರವಾಗಿತ್ತು. ನಮ್ಮಲ್ಲಿ ಕೇಳುವ ಜಾಗ ಇಲ್ಲವೆಂದಲ್ಲ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು, ಅದು ರಾಜ್ಯದ ಹೆಮ್ಮೆಯ ಕ್ರಮ. ಅಲ್ಲಿ ಮಕ್ಕಳು ಮೈಕು ಹಿಡಿದು ಶೌಚಾಲಯ ಕೇಳುತ್ತಾರೆ, ಕಾಂಪೌಂಡು ಕೇಳುತ್ತಾರೆ, ಬಸ್ಸು ಕೇಳುತ್ತಾರೆ. ‘ವಿಜ್ಞಾನದ ಪಾಠ ನಮಗೆ ಅರ್ಥವಾಗ್ತಿಲ್ಲ’ ಎಂದು ಎದ್ದು ಹೇಳಲು ಅದು ಜಾಗವೂ ಅಲ್ಲ, ಮೇಷ್ಟ್ರು ಪಕ್ಕದಲ್ಲೇ ಕೂತಿರುವಾಗ ಯಾವ ಮಗುವೂ ಹೇಳುವುದಿಲ್ಲ. ಹೆಸರಿಲ್ಲದ ಚೀಟಿಯಲ್ಲಿ ಮೂರು ಪ್ರಶ್ನೆ ಸಾಕು. ಮತ್ತು ಆ ಚೀಟಿ ಮೇಷ್ಟ್ರ ಕೈಗೇ ಸೇರಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗಲ್ಲ.

ಉಳಿದವರು ತಂದೆತಾಯಿ. ರಾಜಾರಾಮಣ್ಣ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂದಾಗ ಶಾಲೆ ಊರಿನ ಕೈಗೆ ಬಂತು ಎಂದು ಸಂಭ್ರಮಿಸಿದೆವು. ಅದು ಕಟ್ಟಡ, ಬಿಸಿಯೂಟ, ಧ್ವಜವಂದನೆಯ ಸಮಿತಿಯಾಗಿ ನಿಂತಿದೆ. ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ ತಾಯಂದಿರನ್ನು ಕರೆಸಿ ಮಗುವಿನ ಪ್ರಗತಿಪತ್ರ ಕೊಟ್ಟು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುತ್ತಾರೆ. ‘ಬಿ ಪ್ಲಸ್’ ಎಂದರೆ ಏನೆಂದು ಆ ತಾಯಿಗೆ ಯಾರೂ ಹೇಳಿರುವುದಿಲ್ಲ. ಅದರ ಬದಲು ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಅವಳೆದುರೇ ಹೊಸದೊಂದು ಪುಟ ಓದಿಸಬಹುದು. ಎಲ್ಲಿ ತಡೆಯುತ್ತದೆ, ಮುಂದಿನ ಮೂರು ತಿಂಗಳು ಶಾಲೆ ಏನು ಮಾಡುತ್ತದೆ, ಮನೆಯಲ್ಲಿ ಏನಾಗಬೇಕು ಎಂದು ಹೇಳಬಹುದು. ಅಕ್ಷರ ಬಾರದ ತಾಯಿಗೂ ಮಗು ತಡವರಿಸುವುದು ಕೇಳಿಸುತ್ತದೆ. ಮಗುವಿಗೆ ಹತ್ತು ನಿಮಿಷದಂತೆ ಮೂವತ್ತು ಮಕ್ಕಳಿಗೆ ಐದು ಗಂಟೆ. ಒಂದೇ ದಿನಕ್ಕೆ ಆಗದಿದ್ದರೆ ಎರಡು ಶನಿವಾರ. ಬಾಣಾವರದ ಯಾವ ಎಸ್‌ಡಿಎಂಸಿಯಾದರೂ ತನ್ನ ಮುಂದಿನ ಸಭೆಯ ನಡಾವಳಿಯಲ್ಲಿ ಇದನ್ನು ಬರೆಸಬಹುದು, ಅದಕ್ಕೆ ಬೆಂಗಳೂರಿನ ಆದೇಶ ಕಾಯಬೇಕಿಲ್ಲ.